ಬೋಳು ಮುಖದ ಫ್ರೈಯರ್‌ಬರ್ಡ್ ನಮ್ಮ ಸೂರಕ್ಕಿಯ ಸಂಬಂಧಿಯೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಊರು. ಈಗ ಕೆಲಸದ ನಿಮಿತ್ತ ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಕೇರ್ನ್ಸ್ ನಗರದಲ್ಲಿದ್ದೇವೆ. ಮನೆಯ ಮುಂದಿನ ಅಂಬ್ರೆಲಾ ಮರ ಹೂಬಿಟ್ಟಿದೆ. ಬೆಳಕು ಹರಿಯುವ ಮೊದಲೇ ಅಲ್ಲೊಂದು ಹಕ್ಕಿ ಗಲಾಟೆ ಶುರುಮಾಡುತ್ತದೆ. ಕಂದು ಮೈ, ಕಪ್ಪಗೆ ಬೋಳಾದ ಮುಖ, ಕೊಕ್ಕಿನ ಬುಡದಲ್ಲಿ ಒಂದು ಉಬ್ಬು. ಇದು ಫ್ರೈಯರ್‌ಬರ್ಡ್, ಹನಿಈಟರ್ ಕುಟುಂಬದ್ದು ಎಂದು ಪಕ್ಕದ ಮನೆಯವರು ಹೇಳಿದರು. ಮಕರಂದ ಕುಡಿಯುವ ಹಕ್ಕಿಯಾದ್ದರಿಂದ ಇದು ನಮ್ಮ ಸೂರಕ್ಕಿಯ ಸಂಬಂಧಿಯೇ? ಇದರ ಮುಖ ಏಕೆ ಬೋಳು? ನ್ಯೂಗಿನಿಯಲ್ಲಿ ಇದರ ವೇಷ ಹಾಕುವ ಬೇರೊಂದು ಹಕ್ಕಿ ಇದೆ ಎಂದು ಮಗ ಶಾಲೆಯಲ್ಲಿ ಕೇಳಿ ಬಂದಿದ್ದಾನೆ, ಅದು ನಿಜವೇ? ಈ ಹಕ್ಕಿಗಳಿಗೆ ಸಕ್ಕರೆ ನೀರು ಇಡಬಹುದೇ?

ಉತ್ತರ: ನೀವು ಕೊಟ್ಟ ವಿವರಣೆಯಿಂದ ಹಕ್ಕಿಯನ್ನು ಗುರುತಿಸುವುದು ಕಷ್ಟವಲ್ಲ. ಅದು ಹೆಲ್ಮೆಟೆಡ್ ಫ್ರೈಯರ್‌ಬರ್ಡ್, ಅಂದರೆ ಶಿರಸ್ತ್ರಾಣದ ಫ್ರೈಯರ್‌ಬರ್ಡ್. ಇದರ ವೈಜ್ಞಾನಿಕ ಹೆಸರು ಫಿಲೆಮಾನ್ ಬುಸೆರಾಯ್ಡಿಸ್. 1838ರಲ್ಲಿ ಈ ಹೆಸರಿಟ್ಟ ಇಂಗ್ಲಿಷ್ ಪಕ್ಷಿತಜ್ಞ ವಿಲಿಯಂ ಸ್ವೇನ್ಸನ್ ಅವರಿಗೆ ಕೊಕ್ಕಿನ ಮೇಲಿನ ಆ ಉಬ್ಬು ಮಂಗಟ್ಟೆ ಹಕ್ಕಿಯನ್ನು ನೆನಪಿಸಿರಬೇಕು, ಏಕೆಂದರೆ ಬುಸೆರೋಸ್ ಎಂಬುದು ಮಂಗಟ್ಟೆಗಳ ಕುಲದ ಹೆಸರು. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ 32ರಿಂದ 37 ಸೆಂಟಿಮೀಟರ್ ಉದ್ದವಿರುವ ಇದು ನಮ್ಮ ಊರಕಾಗೆಗಿಂತ ತುಸು ಚಿಕ್ಕದು, ಮೈಕಟ್ಟಿನಲ್ಲಿ ಅದಕ್ಕಿಂತ ತೆಳ್ಳಗಿನದು. ಇಂಡೋನೇಷ್ಯಾದ ಪೂರ್ವ ಭಾಗದ ತಿಮೋರ್ ಮುಂತಾದ ದ್ವೀಪಗಳು, ನ್ಯೂಗಿನಿಯ ತಗ್ಗುಪ್ರದೇಶದ ಕಾಡುಗಳು, ಆಸ್ಟ್ರೇಲಿಯಾದ ಉತ್ತರದ ಅಂಚು, ಇಷ್ಟೂ ಕಡೆ ಇದರ ವಾಸವಿದೆ. ನಿಮ್ಮ ಮನೆಯ ಮುಂದಿನದು ಕೇಪ್ ಯಾರ್ಕ್ ಪರ್ಯಾಯ ದ್ವೀಪದಿಂದ ದಕ್ಷಿಣಕ್ಕೆ ಕರಾವಳಿಯುದ್ದಕ್ಕೂ ಹರಡಿರುವ ರೂಪ. ಅದನ್ನು ಕೆಲವರು ‘ಹಾರ್ನ್‌ಬಿಲ್ ಫ್ರೈಯರ್‌ಬರ್ಡ್’ ಎಂಬ ಬೇರೆಯೇ ಜಾತಿಯಾಗಿ ಎಣಿಸುತ್ತಾರೆ, ನ್ಯೂಗಿನಿಯದನ್ನೂ ಹಾಗೆಯೇ ಬೇರ್ಪಡಿಸುವವರಿದ್ದಾರೆ. ಒಂದೊಂದು ಪಕ್ಷಿ ಕೈಪಿಡಿಯಲ್ಲಿ ಒಂದೊಂದು ಹೆಸರು ಕಂಡರೆ ಗಾಬರಿಯಾಗಬೇಡಿ. ವರ್ಗೀಕರಣಕಾರರ ಈ ಜಗಳ ಸದ್ಯಕ್ಕೆ ಮುಗಿಯುವಂಥದ್ದಲ್ಲ, ನಿಮ್ಮ ಪ್ರಶ್ನೆಗೆ ಅದರಿಂದ ಏನೂ ಬಾಧಕವೂ ಇಲ್ಲ.

ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ, ಇಲ್ಲ, ಇದು ಸೂರಕ್ಕಿಯ ಹತ್ತಿರದ ಸಂಬಂಧಿಯಲ್ಲ. ಎರಡೂ ಹಾಡುಹಕ್ಕಿಗಳ ದೊಡ್ಡ ಗಣಕ್ಕೆ ಸೇರಿವೆ ಎನ್ನುವುದನ್ನು ಬಿಟ್ಟರೆ ಅವುಗಳ ನಡುವಿನ ನೆಂಟಸ್ತನ ಬಲು ದೂರದ್ದು. ಸೂರಕ್ಕಿಯ ಆಪ್ತ ಬಳಗದಲ್ಲಿರುವುದು ನಿಮ್ಮ ಮಲೆನಾಡಿನ ಮರಗಳ ಮೇಲೆ ಬೆಳೆಯುವ ಬದನಿಕೆಯ ಹಣ್ಣು ತಿಂದು ಅದರ ಬೀಜ ಹರಡುವ ಬದನಿಕೆ ಹಕ್ಕಿ. ಹನಿಈಟರ್‌ಗಳ ಆಪ್ತ ಬಳಗದಲ್ಲಿರುವುದು ಆಸ್ಟ್ರೇಲಿಯಾ ಮತ್ತು ನ್ಯೂಗಿನಿಗಳಲ್ಲೇ ಹುಟ್ಟಿ ಬೆಳೆದ, ಭಾರತದಲ್ಲಿ ಪ್ರತಿನಿಧಿಯೇ ಇಲ್ಲದ ಫೇರಿರೆನ್, ಪಾರ್ಡಲೋಟ್ ಮುಂತಾದ ಪುಟ್ಟ ಹಕ್ಕಿಗಳು. ಹತ್ತೊಂಬತ್ತನೆಯ ಶತಮಾನದ ಮತ್ತು ಇಪ್ಪತ್ತನೆಯ ಶತಮಾನದ ಬಹುಭಾಗದ ಪಕ್ಷಿತಜ್ಞರು ಉದ್ದ ಕೊಕ್ಕು, ಮಕರಂದದ ಆಹಾರ, ಚಾಚುವ ನಾಲಗೆಗಳನ್ನು ನೋಡಿ ಇಂಥ ಹಕ್ಕಿಗಳನ್ನೆಲ್ಲ ಅಕ್ಕಪಕ್ಕದಲ್ಲಿ ಇಟ್ಟಿದ್ದರು. 1980ರ ದಶಕದಲ್ಲಿ ಅಮೆರಿಕದ ಪಕ್ಷಿತಜ್ಞರಾದ ಚಾರ್ಲ್ಸ್ ಸಿಬ್ಲಿ ಮತ್ತು ಜಾನ್ ಆಲ್‌ಕ್ವಿಸ್ಟ್ ಡಿಎನ್‌ಎಗಳನ್ನು ಹೋಲಿಸಿ ನೋಡಿದ ಮೇಲೆ ಆ ಹಳೆಯ ಜೋಡಣೆ ಬಿದ್ದುಹೋಯಿತು, ಮತ್ತು ಆಸ್ಟ್ರೇಲಿಯಾದ ಅನೇಕ ಹಾಡುಹಕ್ಕಿಗಳು ತಮ್ಮದೇ ಆದ ಪುರಾತನ ಕವಲಿಗೆ ಸೇರಿದವು ಎಂಬುದು ಗೊತ್ತಾಯಿತು.

ಹೊರನೋಟದ ಹೋಲಿಕೆಯನ್ನು ನಂಬಿದರೆ ಎಷ್ಟು ದೂರ ದಾರಿ ತಪ್ಪಬಹುದು ಎನ್ನುವುದಕ್ಕೆ ಹವಾಯಿ ದ್ವೀಪಗಳ ‘ಓಓ’ ಹಕ್ಕಿಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಉದ್ದ ಕೊಕ್ಕು, ಕುಂಚದಂಥ ನಾಲಗೆ, ಕಪ್ಪು ಮೈಯ ಮೇಲೆ ಹಳದಿ ಗರಿಗಳಿದ್ದ ಆ ಹಕ್ಕಿಗಳನ್ನು ಎರಡು ಶತಮಾನಗಳ ಕಾಲ ಯಾರೂ ಹೆಚ್ಚು ಅನುಮಾನಿಸದೆ ಹನಿಈಟರ್ ಎಂದೇ ಕರೆಯುತ್ತಿದ್ದರು. ಅವುಗಳಲ್ಲಿ ಕೊನೆಯದಾದ ಕವಾಯ್ ದ್ವೀಪದ ಓಓ ಹಕ್ಕಿಯ ಕೂಗು ಕಡೆಯ ಬಾರಿ ಕೇಳಿಸಿದ್ದು 1987ರಲ್ಲಿ. ಅದಾದ ಮೇಲೆ, 2008ರಲ್ಲಿ, ವಸ್ತುಸಂಗ್ರಹಾಲಯದ ಹಳೆಯ ಚರ್ಮಗಳಿಂದ ತೆಗೆದ ಡಿಎನ್‌ಎ ಪರೀಕ್ಷಿಸಿದಾಗ ಅವು ಹನಿಈಟರ್‌ಗಳೇ ಅಲ್ಲ, ಉತ್ತರ ಗೋಲಾರ್ಧದ ವ್ಯಾಕ್ಸ್‌ವಿಂಗ್ ಎಂಬ ಹಣ್ಣುಬಾಕ ಹಕ್ಕಿಗಳ ಸಮೀಪದ ಕವಲು ಎಂದು ತಿಳಿಯಿತು. ಇಡೀ ಒಂದು ಕುಟುಂಬವನ್ನು ನಾವು ಗುರುತಿಸಿದ್ದು ಅದು ಅಳಿದುಹೋದ ನಂತರ.

ನೀವಿರುವ ಊರಿನಲ್ಲಿ ಒಂದು ಅನುಕೂಲವಿದೆ: ಸೂರಕ್ಕಿ ಮತ್ತು ಹನಿಈಟರ್ ಎರಡನ್ನೂ ಒಂದೇ ಅಂಗಳದಲ್ಲಿ ನಿಂತು ಹೋಲಿಸಿ ನೋಡಬಹುದು. ಆಸ್ಟ್ರೇಲಿಯಾಕ್ಕೆ ತಲುಪಿದ ಸೂರಕ್ಕಿ ಒಂದೇ ಒಂದು, ಅದು ಇರುವುದು ಕ್ವೀನ್ಸ್‌ಲ್ಯಾಂಡಿನ ಈ ಉತ್ತರ ಕರಾವಳಿಯಲ್ಲಿ. ಹೊಟ್ಟೆ ಅಚ್ಚ ಹಳದಿ, ಗಂಡಿನ ಕೊರಳು ಹೊಳೆಯುವ ಕಡುನೀಲಿ. ಅದೂ ನಮ್ಮೂರಿನ ಸೂರಕ್ಕಿಗಳ ಹಾಗೆಯೇ ಜಗುಲಿಯ ತಂತಿಗೋ ಒಣಗಿದ ಬಳ್ಳಿಗೋ ಜೋಲುವ ಚೀಲದಂಥ ಗೂಡು ಕಟ್ಟುತ್ತದೆ. ಎದುರು ದಿಕ್ಕಿನ ಪ್ರಯಾಣವೂ ಹೆಚ್ಚುಕಡಿಮೆ ಹೀಗೆಯೇ ನಿಂತುಹೋಗಿದೆ. ಹನಿಈಟರ್ ಕುಟುಂಬದಲ್ಲಿ 180ಕ್ಕೂ ಹೆಚ್ಚು ಜಾತಿಗಳಿದ್ದರೂ, ಬಾಲಿ ಮತ್ತು ಲೊಂಬೊಕ್ ದ್ವೀಪಗಳ ನಡುವಿನ ಕಿರಿದಾದ ಜಲಸಂಧಿಯನ್ನು ದಾಟಿ ಪಶ್ಚಿಮಕ್ಕೆ, ಬಾಲಿಯವರೆಗೆ, ಬಂದು ನೆಲೆಸಿರುವುದು ಒಂದೇ ಒಂದು ಚಿಕ್ಕ ಜಾತಿ. ಏಷ್ಯಾದ ಮತ್ತು ಆಸ್ಟ್ರೇಲಿಯಾದ ಪ್ರಾಣಿಗಳನ್ನು ಬೇರ್ಪಡಿಸುವ ಗಡಿಯನ್ನು ವ್ಯಾಲೇಸ್ ರೇಖೆ ಎಂದು ಶಾಲೆಯ ಪುಸ್ತಕಗಳಲ್ಲಿ ಓದಿರುತ್ತೀರಲ್ಲ, ಅದು ಹಾಯುವುದು ಈ ಜಲಸಂಧಿಯಲ್ಲೇ. ಆ ರೇಖೆಯ ಎರಡು ದಂಡೆಗಳಲ್ಲಿ ಮಕರಂದದ ವ್ಯವಹಾರವನ್ನು ಎರಡು ಬೇರೆ ಬೇರೆ ಮನೆತನಗಳು ವಹಿಸಿಕೊಂಡಿವೆ.

ಕೆಲಸ ಒಂದೇ ಆದರೂ ಹತ್ಯಾರು ಬೇರೆ. ಸೂರಕ್ಕಿಯ ನಾಲಗೆಯ ಅಂಚುಗಳು ಒಳಕ್ಕೆ ಸುರುಳಿಯಾಗಿ ಕೊಳವೆಯಾಗಿವೆ, ತುದಿ ಎರಡಾಗಿ ಸೀಳಿದೆ. ಫ್ರೈಯರ್‌ಬರ್ಡಿನ ನಾಲಗೆ ತುದಿಯಲ್ಲಿ ನಾಲ್ಕಾಗಿ ಸೀಳಿ, ಪ್ರತಿ ಸೀಳಿನ ಅಂಚೂ ಎಳೆ ಎಳೆಯಾಗಿ ಬಿಚ್ಚಿಕೊಂಡಿದೆ. ಬಣ್ಣದ ಕುಂಚವನ್ನು ಅದ್ದಿ ತೆಗೆದರೆ ಕೂದಲ ನಡುವೆ ಬಣ್ಣ ಹೇಗೆ ನಿಲ್ಲುತ್ತದೆಯೋ ಹಾಗೆ ಮಕರಂದ ಆ ಎಳೆಗಳ ನಡುವೆ ನಿಲ್ಲುತ್ತದೆ. ಹಕ್ಕಿ ನಾಲಗೆಯನ್ನು ಒಂದೇ ಸಮನೆ ಹೊರಗೆ ಚಾಚಿ ಒಳಗೆ ಎಳೆದುಕೊಳ್ಳುತ್ತ ಅದನ್ನು ಬಾಯಿಗೆ ಸಾಗಿಸುತ್ತದೆ. ಕಿರಿದಾದ ಕೊಳವೆಯಂಥ ಹೂವಿನ ತಳಕ್ಕೆ ಇಳಿಯಲು ಸೂರಕ್ಕಿಯ ನಾಲಗೆ ಲೇಸು. ಅಂಬ್ರೆಲಾ ಮರ, ನೀಲಗಿರಿ, ಬಾಟಲ್‌ಬ್ರಷ್‌ಗಳಂಥ, ರಸ ಮೇಲೇ ಹರಡಿಕೊಂಡಿರುವ ಹೂಗೊಂಚಲುಗಳನ್ನು ಬೇಗ ಬೇಗನೆ ಬಳಿದುಕೊಳ್ಳಲು ಫ್ರೈಯರ್‌ಬರ್ಡಿನದು ಲೇಸು. ಮಕರಂದದಲ್ಲಿ ಸಕ್ಕರೆಯೇ ಹೊರತು ಪ್ರೋಟೀನ್ ಹೇಳಿಕೊಳ್ಳುವಷ್ಟು ಇರುವುದಿಲ್ಲವಾದ್ದರಿಂದ ಇವೆರಡೂ ಹಕ್ಕಿಗಳು ಹುಳುಹುಪ್ಪಟೆಗಳನ್ನೂ ಹಿಡಿಯುತ್ತವೆ. ಫ್ರೈಯರ್‌ಬರ್ಡ್ ಹಣ್ಣನ್ನೂ ಬಿಡುವುದಿಲ್ಲ.

ಇಷ್ಟು ದೂರದ ಈ ಎರಡು ಮನೆತನಗಳಿಗೆ ಒಂದು ಪಿತ್ರಾರ್ಜಿತ ಮಾತ್ರ ಸಮಾನವಾಗಿದೆ, ಅದು ಸಿಹಿಯ ರುಚಿ. ನಮ್ಮ ನಾಲಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕಕ್ಕೆ ಬೇಕಾದ ಒಂದು ಜೀನ್ ಹಕ್ಕಿಗಳ ವಂಶದಲ್ಲಿ ಬಹು ಹಿಂದೆಯೇ ಕಳೆದುಹೋಗಿದೆ, ಕೋಳಿಗೆ ಸಕ್ಕರೆ ಸಿಹಿಯೆನಿಸುವುದಿಲ್ಲ. ಆದರೆ ಹಾಡುಹಕ್ಕಿಗಳ ಪೂರ್ವಜರಲ್ಲಿ, ಮಾಂಸದ ರುಚಿಯನ್ನು ಗುರುತಿಸುತ್ತಿದ್ದ ಬೇರೊಂದು ಗ್ರಾಹಕವು ಸಕ್ಕರೆಗೂ ಸ್ಪಂದಿಸುವಂತೆ ಮಾರ್ಪಟ್ಟಿತು ಎಂಬುದನ್ನು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಹನಿಈಟರ್ ಮತ್ತು ಕೆನರಿ ಹಕ್ಕಿಗಳನ್ನು ಮುಂದಿಟ್ಟುಕೊಂಡು ತೋರಿಸಿತು. ಹಾಡುಹಕ್ಕಿಗಳ ಮೂಲ ನೆಲ ಆಸ್ಟ್ರೇಲಿಯಾದ ಕಡೆಯದು ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ವಿಚಾರ. ಅಲ್ಲಿನ ಮರಗಳು ಹೂವಿನಲ್ಲಿ ಮಾತ್ರವಲ್ಲದೆ ತೊಗಟೆಯ ಗಾಯಗಳಿಂದಲೂ, ಎಲೆಯ ರಸ ಹೀರುವ ಕೀಟಗಳ ಮೂಲಕವೂ ಧಾರಾಳವಾಗಿ ಸಕ್ಕರೆ ಸುರಿಸುತ್ತವೆ. ಹಾಗೆ ನೋಡಿದರೆ ತೀರ್ಥಹಳ್ಳಿಯ ದಾಸವಾಳಕ್ಕೆ ಕೊಕ್ಕು ಹಾಕುವ ಸೂರಕ್ಕಿಗೆ ಸಿಹಿಯ ಅರಿವು ಬಂದಿರುವುದು ನೀವೀಗ ಇರುವ ಭೂಭಾಗದಿಂದಲೇ.

ಗಾತ್ರದ ಅಂತರಕ್ಕೂ ಕಾರಣ ಈ ಧಾರಾಳವೇ. ನಮ್ಮ ಕಪ್ಪು ಸೂರಕ್ಕಿಯ ಉದ್ದ ಹೆಚ್ಚೆಂದರೆ 10 ಸೆಂಟಿಮೀಟರ್, ಫ್ರೈಯರ್‌ಬರ್ಡ್ ಅದರ ಮೂರು ಪಟ್ಟಿಗೂ ಮಿಗಿಲು. ಆಸ್ಟ್ರೇಲಿಯಾದ ಮಣ್ಣಿನಲ್ಲಿ ರಂಜಕದಂಥ ಪೋಷಕಾಂಶಗಳು ಬಲು ಕಡಿಮೆ, ಬಿಸಿಲು ಮಾತ್ರ ಬೇಕಾದಷ್ಟು. ಬಿಸಿಲಿನಿಂದ ಸಕ್ಕರೆ ತಯಾರಿಸುವುದು ಮರಕ್ಕೆ ಅಗ್ಗ, ಆ ಸಕ್ಕರೆಯನ್ನು ಎಲೆ ಬೀಜಗಳಾಗಿ ಪರಿವರ್ತಿಸಲು ಬೇಕಾದ ಪೋಷಕಾಂಶವೇ ದುಬಾರಿ, ಹಾಗಾಗಿ ಮರಗಳು ಸಕ್ಕರೆಯನ್ನು ಲೆಕ್ಕವಿಡದೆ ಖರ್ಚು ಮಾಡುತ್ತವೆ ಎಂಬ ವಾದವನ್ನು ಕೆಲವು ಪರಿಸರ ವಿಜ್ಞಾನಿಗಳು ಮಂಡಿಸಿದ್ದಾರೆ. ನನಗೆ ಆ ವಾದದಲ್ಲಿ ತೂಕವಿದೆ ಎನಿಸುತ್ತದೆ. ಇದಕ್ಕೊಂದು ನಿದರ್ಶನವನ್ನು ನೀವು ಊರಿನಲ್ಲೇ ನೋಡಿರುತ್ತೀರಿ. ಚಿಕ್ಕಮಗಳೂರು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್ ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಭಾಗದ ಮತ್ತು ಅದರ ಕೆಳಗಿನ ನ್ಯೂ ಸೌತ್ ವೇಲ್ಸಿನ ಉತ್ತರ ಭಾಗದ ಮರ. ಬೇಸಿಗೆಯಲ್ಲಿ ಅದು ಬಿಡುವ, ಹಲ್ಲುಜ್ಜುವ ಬ್ರಷ್ಷಿನಾಕಾರದ ಕಿತ್ತಳೆ ಬಣ್ಣದ ಗೊಂಚಲಿನ ಕೆಳಗೆ ಅಂಗೈ ಹಿಡಿದು ರೆಂಬೆಯನ್ನು ಅಲ್ಲಾಡಿಸಿದರೆ ರಸ ಹನಿ ಹನಿಯಾಗಿ ತೊಟ್ಟಿಕ್ಕುತ್ತದೆ. ಅಷ್ಟು ಗಟ್ಟಿಯಾದ ದಂಟು, ಅಷ್ಟು ರಸ, ಕೂತು ಕುಡಿಯಲು ಅಷ್ಟು ಅನುಕೂಲ, ಇದೆಲ್ಲ ಹನಿಈಟರ್‌ಗಳ ಜೊತೆಗೆ ಬೆಳೆದು ಬಂದ ಹೂವಿನ ಲಕ್ಷಣ. ನಮ್ಮ ತೋಟಗಳಲ್ಲಿ ಹನಿಈಟರ್ ಇಲ್ಲದ್ದರಿಂದ ಆ ರಸ ಪಿಕಳಾರ, ಗೊರವಂಕ, ಎಲೆಹಕ್ಕಿ, ಸೂರಕ್ಕಿಗಳ ಪಾಲಾಗುತ್ತದೆ.

ಇನ್ನು ಬೋಳು ಮುಖದ ವಿಚಾರ. ಅಂಟು ರಸದಲ್ಲಿ ಮುಖ ಅದ್ದುವ ಹಕ್ಕಿಗೆ ಗರಿಯಿಲ್ಲದಿದ್ದರೆ ಶುಚಿಯಾಗಿರಲು ಸುಲಭ ಎಂಬ ವಿವರಣೆಯನ್ನು ಅನೇಕರು ಹೇಳುತ್ತಾರೆ. ಹೆಣದೊಳಗೆ ತಲೆ ತೂರಿಸುವ ರಣಹದ್ದಿನ ಬೋಳುತಲೆಗೆ ಹೇಳುವ ಕಾರಣವನ್ನೇ ಇಲ್ಲಿಗೂ ತಂದು ಜೋಡಿಸಿದ್ದಾರೆ. ನನಗಿದು ಒಪ್ಪಿಗೆಯಿಲ್ಲ. ಅದೇ ಹೂಗೊಂಚಲುಗಳಲ್ಲಿ ಅಷ್ಟೇ ಆಳಕ್ಕೆ ಮುಖ ತೂರಿಸುವ ಬೇರೆ ಹತ್ತಾರು ಹನಿಈಟರ್‌ಗಳ ಮುಖದ ತುಂಬ ಗರಿಯಿದೆ, ಅವುಗಳಿಗೆ ಇದರಿಂದ ಯಾವ ತೊಂದರೆಯೂ ಆದಂತಿಲ್ಲ. ಫ್ರೈಯರ್‌ಬರ್ಡುಗಳಲ್ಲೇ ಬೋಳಿನ ಪ್ರಮಾಣ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಆಸ್ಟ್ರೇಲಿಯಾದ ಪೂರ್ವ ಭಾಗದ ನಾಯ್ಸಿ ಫ್ರೈಯರ್‌ಬರ್ಡಿಗೆ ತಲೆಯೆಲ್ಲ ಬೋಳು, ನಿಮ್ಮ ಮನೆಯ ಮುಂದಿನದಕ್ಕೆ ಕಣ್ಣಿನ ಸುತ್ತ ಮತ್ತು ಕೆನ್ನೆಯಷ್ಟೇ ಬೋಳು, ನೆತ್ತಿಯ ಮೇಲೆ ಬೆಳ್ಳಿ ಛಾಯೆಯ ಸಣ್ಣ ಗರಿಗಳಿವೆ, ಹಿಂಗೊರಳಲ್ಲಿ ಮೇಲಕ್ಕೆ ತಿರುಗಿದ ಗರಿಗಳ ತಿಳಿ ಬಣ್ಣದ ಪಟ್ಟಿಯಿದೆ. ಬೋಳು ಚರ್ಮ, ಕೊಕ್ಕಿನ ಗುಬುಟು, ಕೊರಳಪಟ್ಟಿ ಮೂರೂ ಒಂದೇ ಕಡೆ ಸೇರಿರುವುದನ್ನು ನೋಡಿದರೆ ಇದು ಶುಚಿತ್ವದ ಏರ್ಪಾಡಿಗಿಂತ ಹೆಚ್ಚಾಗಿ, ‘ಇದು ನಾನು, ದೂರ ಸರಿ’ ಎಂದು ಎದುರಿನ ಹಕ್ಕಿಗೆ ತಿಳಿಸುವ ಚಿಹ್ನೆ ಎಂದು ನಾನು ಭಾವಿಸುತ್ತೇನೆ. ಈ ಹಕ್ಕಿಯ ಸ್ವಭಾವಕ್ಕೂ ಅದು ಹೊಂದುತ್ತದೆ. ಹೂಬಿಟ್ಟ ಮರವನ್ನು ಅದು ಆಕ್ರಮಿಸಿಕೊಂಡರೆ ಚಿಕ್ಕ ಹಕ್ಕಿಗಳನ್ನು ಹತ್ತಿರ ಸುಳಿಯಗೊಡುವುದಿಲ್ಲ. ಬೆಳಗಿನ ಗಲಾಟೆಯೂ ಇದೇ ಸ್ವಭಾವದ ಭಾಗ: ಜೋಡಿಯಲ್ಲಿ ಒಂದು ಕೂಗಿದ್ದಕ್ಕೆ ಇನ್ನೊಂದು ಮರುಕೂಗು ಕೊಡುತ್ತದೆ, ಒಂದೇ ನುಡಿಯನ್ನು ಸಾಕೆನಿಸುವಷ್ಟು ಹೊತ್ತು ತಿರುಗಿ ತಿರುಗಿ ಒದರುತ್ತದೆ. ಇಂಡೋನೇಷ್ಯಾದ ಫ್ಲೋರಿಸ್ ದ್ವೀಪದ ಜನಪದ ಕಥೆಗಳಲ್ಲಿ ಹಗಲು ರಾತ್ರಿಗಳ ಕ್ರಮ ಹೇಗಿರಬೇಕೆಂದು ಕಾಡುಪಾರಿವಾಳದೊಡನೆ ವಾದಕ್ಕಿಳಿಯುವುದು ಇದೇ ಹಕ್ಕಿ. ಮುಂಜಾವದಲ್ಲಿ ಇದರ ಬಾಯಿ ಕೇಳಿದವರಿಗೆ ಆ ಪಾತ್ರ ಇದಕ್ಕೇ ಏಕೆ ಸಿಕ್ಕಿತೆಂದು ವಿವರಿಸಬೇಕಿಲ್ಲ.

ನಿಮ್ಮ ಮಗ ಕೇಳಿ ಬಂದಿರುವುದು ನಿಜ, ಮತ್ತು ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಅತ್ಯಂತ ಸ್ವಾರಸ್ಯದ್ದು ಅದೇ. ಫ್ರೈಯರ್‌ಬರ್ಡಿನ ವೇಷ ಹಾಕುವುದು ಹೊನ್ನಕ್ಕಿಯ ಕುಲದ ಹಕ್ಕಿ. ಹೊನ್ನಕ್ಕಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮಾವಿನ ತೋಪಿನಲ್ಲಿ ಮಿಂಚಿ ಮರೆಯಾಗುವ ಚಿನ್ನದ ಹಳದಿ. ಆದರೆ ನ್ಯೂಗಿನಿ ಮತ್ತು ಅದರ ಪಶ್ಚಿಮದ ಮಲುಕು ದ್ವೀಪಗಳಲ್ಲಿರುವ ಹೊನ್ನಕ್ಕಿಗಳು ಆ ಬಣ್ಣವನ್ನು ಬಿಟ್ಟು ಮಾಸಲು ಕಂದಾಗಿವೆ. ಇದನ್ನು ಮೊದಲು ಗಮನಿಸಿ ಅರ್ಥ ಹೇಳಿದವರು, ಆ ರೇಖೆಗೆ ಹೆಸರು ಕೊಟ್ಟ ಬ್ರಿಟಿಷ್ ನಿಸರ್ಗಶಾಸ್ತ್ರಜ್ಞ ಆಲ್ಫ್ರೆಡ್ ರಸೆಲ್ ವ್ಯಾಲೇಸ್. 1861ರಲ್ಲಿ ಮಲುಕು ದ್ವೀಪಗಳಲ್ಲೊಂದಾದ ಬುರುವಿನಲ್ಲಿ ಹಕ್ಕಿಗಳನ್ನು ಸಂಗ್ರಹಿಸಿದ ಅವರು ತಮ್ಮ ಪ್ರವಾಸ ಗ್ರಂಥದಲ್ಲಿ ಎರಡು ಹಕ್ಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದೊಂದೇ ಅಂಶವನ್ನು ಹೋಲಿಸಿದ್ದಾರೆ. ಫ್ರೈಯರ್‌ಬರ್ಡಿನ ಕಣ್ಣಿನ ಸುತ್ತ ಬೋಳಾದ ಕಪ್ಪು ಚರ್ಮವಿದ್ದರೆ ಹೊನ್ನಕ್ಕಿಗೆ ಅದೇ ಜಾಗದಲ್ಲಿ ಕಪ್ಪು ಗರಿಗಳ ಮಚ್ಚೆಯಿದೆ. ಮೊದಲನೆಯದರ ನೆತ್ತಿಯ ಕಿರುಗರಿಗಳು ಹುರುಪೆಯಂತೆ ಕಂಡರೆ ಎರಡನೆಯದರ ಅಗಲ ಗರಿಗಳ ಮೇಲೆ ಒಂದೊಂದು ಕಪ್ಪು ಗೀಟು ಎಳೆದು ಅದೇ ನೋಟವನ್ನು ತಂದಿದೆ. ಹಿಂಗೊರಳಿನ ತಿಳಿ ಪಟ್ಟಿಗೆ ಪ್ರತಿಯಾಗಿ ತಿಳಿ ಬಣ್ಣದ ಒಂದು ಗೆರೆಯಿದೆ. ಕೊಕ್ಕಿನ ಬುಡದ ಉಬ್ಬು ಕೂಡ, ಹೊನ್ನಕ್ಕಿಗಳಲ್ಲಿ ಸಾಮಾನ್ಯವಲ್ಲದಿದ್ದರೂ, ಇಲ್ಲಿ ತಕ್ಕಮಟ್ಟಿಗೆ ಮೂಡಿದೆ. ಈ ವೇಷ ಎಷ್ಟು ಪಕ್ಕಾ ಆಗಿತ್ತೆಂದರೆ, ವ್ಯಾಲೇಸರಿಗಿಂತ ಮೊದಲು ಬಂದಿದ್ದ ಫ್ರೆಂಚ್ ನೌಕೆ ಆಸ್ಟ್ರೊಲೇಬಿನ ಪ್ರಾಣಿಶಾಸ್ತ್ರಜ್ಞರು ಬುರುವಿನ ಹೊನ್ನಕ್ಕಿಯನ್ನು ಹನಿಈಟರ್ ಎಂದೇ ವರ್ಣಿಸಿ ಚಿತ್ರಸಹಿತ ಪ್ರಕಟಿಸಿಬಿಟ್ಟಿದ್ದರು. ಪಕ್ಕದ ಸೆರಾಮ್ ದ್ವೀಪದಲ್ಲಿ ಫ್ರೈಯರ್‌ಬರ್ಡಿನ ಜಾತಿ ಬೇರೆ, ಅದಕ್ಕೆ ತಕ್ಕಂತೆ ಅಲ್ಲಿನ ಹೊನ್ನಕ್ಕಿಯ ವೇಷವೂ ಬೇರೆ.

ಈ ವೇಷದಿಂದ ಹೊನ್ನಕ್ಕಿಗೆ ಸಿಗುವ ಲಾಭವೇನು? ವ್ಯಾಲೇಸರ ಉತ್ತರ ಹೀಗಿತ್ತು: ಫ್ರೈಯರ್‌ಬರ್ಡುಗಳು ಬಲವಾದ ಉಗುರು, ಚೂಪು ಕೊಕ್ಕುಗಳ ಜಗಳಗಂಟ ಹಕ್ಕಿಗಳು, ಅಪಾಯ ಕಂಡರೆ ಕೂಗಿ ಗುಂಪು ಸೇರಿಸಿ ಕಾಗೆಯನ್ನಷ್ಟೇ ಅಲ್ಲ, ಗಿಡುಗವನ್ನೂ ಅಟ್ಟುತ್ತವೆ, ಆದ್ದರಿಂದ ಸಣ್ಣ ಗಿಡುಗಗಳು ಇವುಗಳ ತಂಟೆಗೆ ಹೋಗುವುದಿಲ್ಲ, ಸೌಮ್ಯವಾದ ಹೊನ್ನಕ್ಕಿ ಇವುಗಳಂತೆ ಕಂಡರೆ ಅದಕ್ಕೂ ಅಷ್ಟೇ ರಕ್ಷಣೆ ದೊರೆಯುತ್ತದೆ. ಅಮೆಜಾನಿನ ಚಿಟ್ಟೆಗಳನ್ನು ಕುರಿತ ಹೆನ್ರಿ ಬೇಟ್ಸ್ ಅವರ ಅನುಕರಣೆಯ ಸಿದ್ಧಾಂತ ಪ್ರಕಟವಾದದ್ದು 1862ರಲ್ಲಿ. ಹಕ್ಕಿಗಳಲ್ಲೂ ಅಂಥದ್ದೇ ನಡೆಯುತ್ತದೆ ಎನ್ನಲು ವ್ಯಾಲೇಸರಿಗೆ ಸಿಕ್ಕ ಪುರಾವೆ ಇದು. 1982ರಲ್ಲಿ, ನ್ಯೂಗಿನಿಯ ಹಕ್ಕಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ಜೇರ್ಡ್ ಡೈಮಂಡ್ ಇದಕ್ಕೆ ಇನ್ನೊಂದು ಸಾಧ್ಯತೆಯನ್ನು ಸೇರಿಸಿದರು. ಹೊನ್ನಕ್ಕಿ ಏಮಾರಿಸುತ್ತಿರುವುದು ಗಿಡುಗವನ್ನಲ್ಲ, ಫ್ರೈಯರ್‌ಬರ್ಡನ್ನೇ ಇರಬಹುದು, ಅಥವಾ ಅದಕ್ಕೆ ಹೆದರುವ ಚಿಕ್ಕ ಹಕ್ಕಿಗಳನ್ನಿರಬಹುದು. ಒಂದೇ ಮರದ ಹಣ್ಣು ಹೂವುಗಳಿಗೆ ಬರುವ ಹಕ್ಕಿಗಳಲ್ಲಿ ದೊಡ್ಡದರಿಂದ ಪೆಟ್ಟು ತಿನ್ನದಿರಲು ಅದರಂತೆಯೇ ಕಾಣುವುದು ಒಂದು ಉಪಾಯ. ಫ್ರೈಯರ್‌ಬರ್ಡ್ ದೊಡ್ಡದಾಗಿರುವ ದ್ವೀಪಗಳಲ್ಲಿ ಹೊನ್ನಕ್ಕಿಯ ವೇಷ ಹೆಚ್ಚು ಕರಾರುವಾಕ್ಕಾಗಿದೆ ಎಂಬ ಅವರ ಗಮನಿಕೆಯನ್ನು ನೋಡಿದರೆ ಈ ವಿವರಣೆಯೇ ಹೆಚ್ಚು ಬಲವಾದದ್ದೆಂದು ನನಗೆ ತೋರುತ್ತದೆ, ಏಕೆಂದರೆ ಪೆಟ್ಟು ಕೊಡುವವನು ದೊಡ್ಡವನಾದಷ್ಟೂ ವೇಷಕ್ಕೆ ಬೆಲೆ ಹೆಚ್ಚು.

ನಮ್ಮ ಹೊನ್ನಕ್ಕಿಯ ನಡವಳಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಕರ್ನಾಟಕದಲ್ಲಿ ಅದು ಬಹಳ ಸಲ ಕಾಜಾಣ ಗೂಡು ಕಟ್ಟಿದ ಮರದಲ್ಲೋ ಅದರ ಪಕ್ಕದಲ್ಲೋ ತನ್ನ ಗೂಡನ್ನು ಹೆಣೆಯುತ್ತದೆ. ಕಾಗೆಯನ್ನೂ ಹದ್ದನ್ನೂ ಬೆನ್ನಟ್ಟುವ ಕಾಜಾಣದ ನೆರಳಿನಲ್ಲಿ ಅದರ ಮೊಟ್ಟೆ ಮರಿಗಳೂ ಕ್ಷೇಮವಾಗಿರುತ್ತವೆ. ಜಗಳಗಂಟನ ಬಲವನ್ನು ಬಳಸಿಕೊಳ್ಳುವ ಬುದ್ಧಿ ಎರಡೂ ಕಡೆ ಇದೆ. ಇಲ್ಲಿನದು ನೆರೆಯಾಗಿ ಉಳಿದು ತನ್ನ ಹಳದಿಯನ್ನು ಕಾಪಾಡಿಕೊಂಡಿತು, ಅಲ್ಲಿನದು ಬಣ್ಣವನ್ನೇ ಬದಲಿಸಿಕೊಂಡಿತು. ಆದರೆ ಕೇರ್ನ್ಸ್‌ನಲ್ಲಿ ಈ ವೇಷಧಾರಿಯನ್ನು ಹುಡುಕಿದರೆ ನಿಮಗೆ ನಿರಾಶೆಯಾಗುತ್ತದೆ. ಅಲ್ಲಿರುವ ಹೊನ್ನಕ್ಕಿ ಎಲೆಗಳ ನಡುವೆ ಕರಗಿಹೋಗುವ ಹಸಿರು ಬಣ್ಣದ್ದು. ಫ್ರೈಯರ್‌ಬರ್ಡನ್ನು ಹೋಲುವ ಕಂದು ಹೊನ್ನಕ್ಕಿಯನ್ನು ನೋಡಲು ಟಾರಿಸ್ ಜಲಸಂಧಿಯನ್ನು ದಾಟಿ ಪಪುವಾ ನ್ಯೂಗಿನಿಯ ತಗ್ಗುಕಾಡುಗಳಿಗೆ ಹೋಗಬೇಕು. ಅಲ್ಲಿಯೂ ಕಣ್ಣಿನ ಸುತ್ತ ಇರುವುದು ಚರ್ಮವೋ ಗರಿಯೋ ಎಂದು ದುರ್ಬೀನಿನಲ್ಲಿ ನೋಡಿದ ಮೇಲೆಯೇ ಹೆಸರು ಹೇಳುವುದು ಕ್ಷೇಮ.

ಮೋಸದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೇರ್ನ್ಸ್‌ಗೆ ಉತ್ತರದಿಂದ ಕೋಗಿಲೆಗಳು ವಲಸೆ ಬರುತ್ತವೆ. ಅವು ನಮ್ಮ ಕೋಗಿಲೆಯ ಕುಲದವೇ, ಗಂಡು ಹಾಗೆಯೇ ಕಡುಗಪ್ಪು, ಕಣ್ಣು ಹಾಗೆಯೇ ಕೆಂಪು. ನಮ್ಮ ಕೋಗಿಲೆ ಕಾಗೆಯ ಗೂಡನ್ನು ಆರಿಸಿದರೆ ಅಲ್ಲಿನದು ಫ್ರೈಯರ್‌ಬರ್ಡಿನಂಥ ದೊಡ್ಡ ಹನಿಈಟರ್‌ಗಳ ಗೂಡನ್ನು ಆರಿಸುತ್ತದೆ. ಫ್ರೈಯರ್‌ಬರ್ಡಿನ ಗೂಡು ಕವಲುಕೊಂಬೆಗೆ ತೊಗಟೆಯ ನಾರು ಮತ್ತು ಹುಲ್ಲಿನಿಂದ ತೂಗುಹಾಕಿದ ಆಳವಾದ ಬಟ್ಟಲು. ತನಗಿಂತ ಬೇರೆಯೇ ರೂಪದ ಮರಿಗೆ ಒಂದು ಫ್ರೈಯರ್‌ಬರ್ಡ್ ಗುಟುಕು ಕೊಡುತ್ತಿರುವುದು ಕಂಡರೆ ಮಗನಿಗೆ ತೋರಿಸಿ, ಪಾಠಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಸಕ್ಕರೆ ನೀರನ್ನು ದಯವಿಟ್ಟು ಇಡಬೇಡಿ. ಕೇರ್ನ್ಸ್‌ನ ಸೆಕೆಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ, ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ, ಒಂದೇ ಬಟ್ಟಲಿಗೆ ಹತ್ತು ಹಕ್ಕಿಗಳು ಬಾಯಿ ಹಾಕಿದಾಗ ರೋಗ ಸುಲಭವಾಗಿ ಹರಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಟ್ಟಲಿನ ಒಡೆತನ ಫ್ರೈಯರ್‌ಬರ್ಡಿನಂಥ ಬಲಶಾಲಿಯ ಪಾಲಾಗಿ ನಿಮ್ಮ ಜಗುಲಿಗೆ ಬರುತ್ತಿರುವ ಸೂರಕ್ಕಿ ಬರುವುದನ್ನೇ ನಿಲ್ಲಿಸಬಹುದು. ಅಂಗಳದಲ್ಲಿ ಜಾಗವಿದ್ದರೆ ಅಲ್ಲಿನದೇ ಬಾಟಲ್‌ಬ್ರಷ್ ಅಥವಾ ಸಿಲ್ವರ್ ಓಕಿನ ಕುಲದ ಗ್ರೆವಿಲಿಯಾದ ಒಂದೆರಡು ಗಿಡಗಳನ್ನು ಹಚ್ಚಿ, ನೆರಳಿನಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಬರೀ ನೀರಿಡಿ, ನೀರನ್ನು ದಿನಾ ಬದಲಿಸಿ. ಪಾತ್ರೆಯನ್ನು ಬೆಕ್ಕು ಹಾರಿದರೂ ಎಟುಕದ ಎತ್ತರದಲ್ಲಿ ತೂಗುಹಾಕುವುದು ಒಳ್ಳೆಯದು.